ಅಪ್‌ಡೇಟ್: ನಾಲ್ಕನೇ ಸುಳಿವು ಕೊನೆಗೂ ತೆರೆಯಿತು!

ಫೋನ್ ಹಿಡಿದು ಊರು ಸುತ್ತುವ ನಿಧಿ ಹುಡುಕಾಟದ ಆಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ಹೋದ ವಾರ ಕೇಳಿದ್ದೆ. ಸರಿಯಾದ ಜಾಗದಲ್ಲೇ ನಿಂತಿದ್ದರೂ ಆ್ಯಪ್ ಮಾತ್ರ ‘ಇನ್ನೂ 40 ಮೀಟರ್’ ಅನ್ನುತ್ತಿತ್ತು.

ಆ್ಯಪ್ ಅಳಿಸಿ ಮತ್ತೆ ಹಾಕಿದ್ದು ದಂಡ. ಅಲ್ಲಿವರೆಗಿನ ಅಂಕಗಳೂ ಹೋದವು. ಫೋನನ್ನು ಎಂಟರ ಆಕಾರದಲ್ಲಿ ಆಡಿಸಿದೆ, ದಾರಿಹೋಕರು ನಕ್ಕರು ಅಷ್ಟೇ. ಅದು ಸರಿಮಾಡೋದು ದಿಕ್ಸೂಚಿಯನ್ನಂತೆ, ಜಾಗವನ್ನಲ್ಲ.

ಕೆಲಸಕ್ಕೆ ಬಂದದ್ದು ‘ಬ್ಯಾಟರಿ ಸೇವರ್ ಆಫ್ ಮಾಡಿ, ವೈಫೈ ಆನ್ ಇಡಿ, ತೆರೆದ ಜಾಗದಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿ’ ಎಂದವರ ಸಲಹೆ. ತುಂಬಾ ಥ್ಯಾಂಕ್ಸ್! ಆ ಗಲ್ಲಿಯ ಎರಡೂ ಕಡೆ ಎತ್ತರದ ಕಟ್ಟಡಗಳು. ಉಪಗ್ರಹದ ಸಿಗ್ನಲ್ ಗೋಡೆಗೆ ಬಡಿದು ತಡವಾಗಿ ಬಂದರೆ ಫೋನ್ ಜಾಗ ತಪ್ಪು ಲೆಕ್ಕ ಹಾಕುತ್ತದೆ. ವೈಫೈ ಆನ್ ಇದ್ದರೆ ಸುತ್ತಲಿನ ವೈಫೈಗಳನ್ನು ನೋಡಿಯೂ ಅಂದಾಜಿಸುತ್ತದೆ, ಯಾವುದಕ್ಕೂ ಕನೆಕ್ಟ್ ಆಗಬೇಕಿಲ್ಲ. ಚೌಕಕ್ಕೆ ಬಂದು ನಿಂತೆ, ನೀಲಿ ಚುಕ್ಕಿ ಸರಿಹೋಯಿತು. ಮೆಲ್ಲಗೆ ಗಲ್ಲಿಗೆ ವಾಪಸ್ ನಡೆದೆ, ಸುಳಿವು ತೆರೆಯಿತು.

ಹುಡುಕುವಾಗ ಇನ್ನೊಂದು ಗೊತ್ತಾಯಿತು. 2000ರ ಮೇವರೆಗೆ ಅಮೆರಿಕ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿತ್ತಂತೆ. ನಿಲ್ಲಿಸಿದ ಅದೇ ತಿಂಗಳು ಜಿಯೋಕ್ಯಾಶಿಂಗ್, ಅಂದ್ರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ, ಶುರುವಾಯಿತು. ಮಜಾ ಅಲ್ವಾ?

ಹಾಂ, ಸೇವರ್ ಆಫ್ ಇದ್ದರೆ ಚಾರ್ಜ್ ಬೇಗ ಇಳಿಯುತ್ತದೆ. ಪವರ್ ಬ್ಯಾಂಕ್ ಮರೀಬೇಡಿ.