ಅಪ್‌ಡೇಟ್: ಪೆರಿಕ್ಲೀಸ್‌ನನ್ನು ಸೋಲಿಸಿ ಕಲ್ಚರ್ ವಿಕ್ಟರಿ ಪಡೆದೆ!

ಸಿವಿಲೈಸೇಶನ್ 6 ಗೇಮ್‌ನಲ್ಲಿ ಕಲ್ಚರ್ ವಿಕ್ಟರಿ (ಸಂಸ್ಕೃತಿಯ ಬಲದಿಂದ ಗೆಲ್ಲುವುದು) ಬೇಕೆಂದರೆ ನನ್ನಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆ ಪ್ರತಿ ಎದುರಾಳಿಯ ಸ್ವದೇಶಿ ಪ್ರವಾಸಿಗರ ಸಂಖ್ಯೆಯನ್ನು ದಾಟಬೇಕು. ಪೆರಿಕ್ಲೀಸ್ ಆಳುವ ಗ್ರೀಸ್‌ನದನ್ನು ಮಾತ್ರ ದಾಟುತ್ತಲೇ ಇಲ್ಲ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಕೊನೆಗೂ ಗೆದ್ದೆ.

ನೀವು ಹೇಳಿದಂತೆ ಎಲ್ಲರ ಜೊತೆ ಓಪನ್ ಬಾರ್ಡರ್ಸ್ (ಗಡಿ ತೆರೆಯುವ ಒಪ್ಪಂದ) ಮಾಡಿಕೊಂಡೆ, ಎಲ್ಲರಿಗೂ ಟ್ರೇಡ್ ರೂಟ್ (ವ್ಯಾಪಾರ ಮಾರ್ಗ) ಹಾಕಿದೆ. ಈ ಎರಡರಲ್ಲಿ ಒಂದೊಂದಕ್ಕೂ ಆ ದೇಶದ ಮೇಲೆ ಶೇ. 25 ಜಾಸ್ತಿ ಟೂರಿಸಂ (ಪ್ರವಾಸಿಗರನ್ನು ಸೆಳೆಯುವ ಅಂಕ). ಉಳಿದವರಿಗೆ ಅಷ್ಟೇ ಸಾಕಾಯಿತು. ಪೆರಿಕ್ಲೀಸ್ ಮಾತ್ರ ಜಗ್ಗಲಿಲ್ಲ. ಅವನ ಹಿಡಿತದಲ್ಲಿರುವ ಒಂದೊಂದು ಸಿಟಿ ಸ್ಟೇಟ್‌ಗೆ (ಸಣ್ಣ ಸ್ವತಂತ್ರ ನಗರ) ಅವನಿಗೆ ಶೇ. 5 ಹೆಚ್ಚುವರಿ ಕಲ್ಚರ್ ಸಿಗುತ್ತದೆ, ಕಲ್ಚರ್ ಹೆಚ್ಚಿದಷ್ಟೂ ಅವನ ಸ್ವದೇಶಿ ಪ್ರವಾಸಿಗರೂ ಹೆಚ್ಚುತ್ತಾರೆ, ಅದೇ ಅವನ ಬಲ. ಹಾಗಾಗಿ ಅವನಿಗಿಂತ ಹೆಚ್ಚು ಎನ್ವಾಯ್‌ಗಳನ್ನು (ದೂತರನ್ನು) ಕಳಿಸಿ ಆ ಸಿಟಿ ಸ್ಟೇಟ್‌ಗಳನ್ನು ಒಂದೊಂದಾಗಿ ಕಿತ್ತುಕೊಂಡೆ.

ಆಮೇಲೆ ಕೂಡಿಟ್ಟ ಫೇತ್ (ಗೇಮ್‌ನಲ್ಲಿ ಹಣದಂತೆ ಖರ್ಚು ಮಾಡಬಹುದಾದ ಧರ್ಮದ ಅಂಕ) ಎಲ್ಲಾ ರಾಕ್ ಬ್ಯಾಂಡ್‌ಗಳಿಗೆ (ಬೇರೆ ದೇಶದಲ್ಲಿ ಶೋ ಕೊಟ್ಟು ನಮ್ಮ ಟೂರಿಸಂ ಹೆಚ್ಚಿಸುವ ತಂಡಗಳು) ಸುರಿದೆ. ಎಲ್ಲವೂ ಗ್ರೀಸ್‌ಗೇ! ಒಂದು ಬ್ಯಾಂಡ್ ಮೊದಲ ಶೋಗೇ ಒಡೆದುಹೋಯಿತು, ಇರಲಿ ಬಿಡಿ. ನ್ಯಾಷನಲ್ ಪಾರ್ಕ್ ಸಲಹೆ ಕೊಟ್ಟವರಿಗೂ ಥ್ಯಾಂಕ್ಸ್, ಅದಕ್ಕೆ ಫೇತ್ ಉಳಿಯಲೇ ಇಲ್ಲ.