ಡಿಫರ್ಡ್, ಬೌನ್ಸ್: ಕನ್ನಡದಲ್ಲಿ ಏನೆನ್ನೋಣ?

(ಹಾಸನದಿಂದ)
ಗೆಳೆಯರೇ,
ಇಲ್ಲಿನ ಬೆಳೆಗಾರರ ಸಂಘವೊಂದಕ್ಕೆ ಮೇಲ್ ಕಳಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಹಾಕಿಕೊಟ್ಟಿದ್ದೇನೆ. ಕಾಫಿ, ಮೆಣಸಿನ ದರ ದಿನಾ ಬೆಳಗ್ಗೆ ಎಲ್ಲ ಸದಸ್ಯರಿಗೂ ಒಟ್ಟಿಗೆ ಮೇಲ್ ಆಗಬೇಕು. ನೋಡಿಕೊಳ್ಳುವವರಿಗೊಂದು ಕೈಪಿಡಿ ಬರೆಯುತ್ತಿದ್ದೇನೆ, ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. 'ಡಿಫರ್ಡ್ ಕ್ಯೂ'ಗೆ, ಅಂದರೆ ಸದ್ಯಕ್ಕೆ ಹೋಗದೆ ಮತ್ತೊಂದು ಯತ್ನಕ್ಕೆ ಕಾದಿರುವ ಮೇಲ್‌ಗಳ ಸಾಲಿಗೆ, ಪದ ಬೇಕು.

ಹಿಂದಿನ ಕೈಪಿಡಿಯಲ್ಲಿ ಡಿಫರ್ಡ್, ಬೌನ್ಸ್ (ತಲುಪದೆ ಕಳಿಸಿದವರಿಗೇ ಮರಳಿದ್ದು) ಎರಡಕ್ಕೂ 'ತಿರಸ್ಕೃತ' ಎಂದೇ ಇತ್ತು. ಅದನ್ನು ನಂಬಿ ಹುಡುಗನೊಬ್ಬ ಡಿಫರ್ಡ್ ಆದ ವಿಳಾಸಗಳನ್ನೆಲ್ಲ ಪಟ್ಟಿಯಿಂದ ಅಳಿಸಿಬಿಟ್ಟ. ಆ ಕಡೆಯ ಸರ್ವರ್ 4ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ 'ಆಮೇಲೆ ಬಾ' ಅಂತ, 5ರಿಂದ ಶುರುವಾದರೆ 'ಬರಲೇಬೇಡ' ಅಂತ. ಎರಡೂ ಒಂದೇ ಹೇಗಾದೀತು? 'ಬಾಕಿ ಸಾಲು' ಎನ್ನಲೇ?

(ಚಿಕ್ಕಮಗಳೂರಿನಿಂದ)
'ಬಾಕಿ' ಅರಬ್ಬಿ. ಬೇಡ. ಕನ್ನಡದಲ್ಲಿ 'ತಂಗು' ಇದೆ, 'ಸಾಲು' ಇದೆ: ತಂಗುಸಾಲು. ಬೌನ್ಸ್ ಆದದ್ದು ಮರಳೋಲೆ. ಅದಕ್ಕೂ ಮೊದಲು ಆ 'ಮೇಲ್' ತೆಗೆಯಿರಿ. ಹಂಸದ ತದ್ಭವ ಅಂಚೆ. ದಮಯಂತಿಗೆ ನಳನ ಸುದ್ದಿ ತಂದದ್ದು ಹಂಸವೇ ಅಲ್ಲವೇ? ಇಷ್ಟು ಚೆಂದದ ಪದ ಮನೆಯಲ್ಲಿಟ್ಟುಕೊಂಡು ಸಾಲಕ್ಕೆ ಹೋಗುವುದೇಕೆ?

(ಹಾಸನದಿಂದ)
ಮೇಷ್ಟ್ರೇ, ಬಾಬಾಬುಡನ್‌ಗಿರಿಯ ಬುಡದಲ್ಲಿದ್ದುಕೊಂಡು ಅರಬ್ಬಿ ಬೇಡ ಎಂದರೆ ಕಾಫಿಯನ್ನು ಏನೆಂದು ಕರೆಯೋಣ? ಅದೂ ಅರಬ್ಬಿಯ ಕಹ್ವಾದಿಂದಲೇ ಬಂದದ್ದು. ತೋಟದ ಆಳುಗಳಿಂದ ಮಾಲೀಕರವರೆಗೆ ಎಲ್ಲರ ಲೆಕ್ಕದಲ್ಲೂ 'ಬಾಕಿ' ಇದೆ.

(ಸಕಲೇಶಪುರದಿಂದ)
ಎಲ್ಲರ ಲೆಕ್ಕದಲ್ಲೂ ಇದೆ, ತೊಂದರೆಯೇ ಅದು. ಬಾಕಿ ಎಂದರೆ ಯಾರೋ ಕೈಯಾರೆ ತೀರಿಸಬೇಕಾದದ್ದು. ಹುಡುಗರು ಅದನ್ನು ಓದಿದ ಕೂಡಲೇ ಇಡೀ ಸಾಲನ್ನು ಫ್ಲಶ್ ಮಾಡುತ್ತಾರೆ, ಅಂದರೆ ಎಲ್ಲವನ್ನೂ ಈಗಲೇ ಮತ್ತೆ ಕಳಿಸು ಎನ್ನುತ್ತಾರೆ. ಪದೇ ಪದೇ ಹಾಗೆ ಮಾಡಿದರೆ ಹೊಸ ಮೇಲ್‌ಗಳೂ ನಿಧಾನವಾಗುತ್ತವೆ. ಪೋಸ್ಟ್‌ಫಿಕ್ಸ್ ತಾನಾಗಿಯೇ ಮತ್ತೆ ಯತ್ನಿಸುತ್ತದೆ. ನೀವು ಬದಲಿಸದಿದ್ದರೆ ಮೊದಲು 300 ಸೆಕೆಂಡ್ ಬಿಟ್ಟು, ಆಮೇಲೆ ಅಂತರ ಹೆಚ್ಚಿಸುತ್ತ 4000 ಸೆಕೆಂಡಿನವರೆಗೆ. 5 ದಿನವಾದರೂ ಹೋಗದಿದ್ದರೆ ಮಾತ್ರ ಬೌನ್ಸ್. ತಂಗುದಾಣದಲ್ಲಿ ಕೂತವನನ್ನು ಯಾರೂ ತಳ್ಳಬೇಕಿಲ್ಲ, ಬಸ್ಸು ಬಂದರೆ ತಾನೇ ಎದ್ದು ಹೋಗುತ್ತಾನೆ. ಆದ್ದರಿಂದ ತಂಗುಸಾಲೇ ಸರಿ. ಮೇಷ್ಟ್ರು ಹೇಳಿದ ಕಾರಣಕ್ಕಲ್ಲ, ಅರ್ಥ ಕೂಡುತ್ತದೆ ಎಂಬ ಕಾರಣಕ್ಕೆ. ಬೌನ್ಸಿಗೆ ಮಾತ್ರ 'ಮರಳೋಲೆ' ಬೇಡ, ಹೊಳೆಯ ಮರಳು ನುಸುಳುತ್ತದೆ. 'ವಾಪಸಾದ ಪತ್ರ' ಎನ್ನಿ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

(ಹಾಸನದಿಂದ)
ತಂಗುಸಾಲು, ವಾಪಸಾದ ಪತ್ರ. ಹಾಗೇ ಬರೆದುಕೊಂಡೆ. ತುಂಬಾ ಉಪಕಾರವಾಯಿತು.

(ಚಿಕ್ಕಮಗಳೂರಿನಿಂದ)
'ವಾಪಸ್' ಪಾರಸಿ. ನಾನು ಒಪ್ಪುವುದಿಲ್ಲ.