ಬೀರಿನೊಳಗೆ ಗ್ಯಾಸು ‘ಇಂಗುತ್ತದೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

‘ಇಂಗು’ ಅನ್ನುವ ಕ್ರಿಯಾಪದದ ಬಗ್ಗೆ ಕೇಳಬೇಕಿತ್ತು. ಮಳೆನೀರು ನೆಲದಲ್ಲಿ ಇಂಗುತ್ತದೆ, ಹಚ್ಚಿದ ಎಣ್ಣೆ ನೆತ್ತಿಯಲ್ಲಿ ಇಂಗುತ್ತದೆ. ಇದು ಎಲ್ಲರ ಬಾಯಲ್ಲೂ ಇದೆ. ಆದರೆ ಗ್ಯಾಸು ನೀರಿನಂಥ ವಸ್ತುವಿನೊಳಗೆ ಇಂಗುತ್ತದೆ ಅಂತ ನಿಮ್ಮ ಕಡೆ ಯಾರಾದರೂ ಹೇಳುತ್ತಾರಾ? ನಮ್ಮ ಸೋದರಮಾವ ಹೇಳಿದರು. ಯಾವಾಗ, ಯಾಕೆ ಹೇಳಿದರು ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಇಲ್ಲದಿದ್ದರೆ ಪದದ ಬಿಗಿ ಗೊತ್ತಾಗುವುದಿಲ್ಲ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ಮನೆ ಬಳಕೆಗೆ ಬೀರು ಮಾಡಿಕೊಳ್ಳುವುದಕ್ಕೆ 1978ರ ಕಾನೂನು ದಾರಿ ಮಾಡಿಕೊಟ್ಟಿತು. ನಾನೂ ಕೆಲವು ವರ್ಷದಿಂದ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಒಂದು ಹಳೆಯ ಚೆಸ್ಟ್ ಫ್ರೀಜರ್ ತಂದೆ. ಐಸ್‌ಕ್ರೀಮ್ ಅಂಗಡಿಯಲ್ಲಿರುತ್ತದಲ್ಲ, ಮುಚ್ಚಳ ಮೇಲಕ್ಕೆ ಎತ್ತುವ ಪೆಟ್ಟಿಗೆ, ಅದೇ. ಬಾಯಿಗೂ ಮುಚ್ಚಳಕ್ಕೂ ನಡುವೆ ಮರದ ಚೌಕಟ್ಟು ಕೂರಿಸಿ, ಅದಕ್ಕೆ ತೂತು ಕೊರೆದು ನಲ್ಲಿ ಹಾಕಿದೆ. ಒಳಗೆ ಬೀರು ತುಂಬಿಡುವ 19 ಲೀಟರಿನ ಸ್ಟೀಲ್ ಡಬ್ಬ, ಅಂದರೆ ಕೆಗ್, ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ಪೈಪು. ಬೀರು ಹೆಪ್ಪುಗಟ್ಟದ ಹಾಗೆ ಹೊರಗಿನಿಂದ ಒಂದು ಥರ್ಮೋಸ್ಟಾಟ್ ಹಾಕಿ 3 ಡಿಗ್ರಿಗೆ ನಿಲ್ಲಿಸಿದೆ. ಕೆಗ್ಗನ್ನೂ ಫ್ರೀಜರನ್ನೂ ಬೆಸೆದು ಇಲ್ಲಿನವರು ಇದಕ್ಕೆ ‘ಕೀಜರ್’ ಅನ್ನುತ್ತಾರೆ.

ತೊಂದರೆ ಏನಪ್ಪಾ ಅಂದರೆ, ನಲ್ಲಿ ತಿರುಗಿಸಿದರೆ ಲೋಟದ ಮುಕ್ಕಾಲು ಭಾಗ ಬರೀ ನೊರೆ. ಒತ್ತಡ ಜಾಸ್ತಿ ಆಗಿರಬೇಕು ಅಂತ 12 ಪಿಎಸ್‌ಐ ಇದ್ದದ್ದನ್ನು 6ಕ್ಕೆ ಇಳಿಸಿದೆ. ನೊರೆ ಇನ್ನೂ ಹೆಚ್ಚಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ನೊರೆಯ ಕೆಳಗಿನ ಬೀರು ಸಪ್ಪೆಯೂ ಆಯಿತು. ಮೇಲೆ ನೋಡಿದರೆ ಗ್ಯಾಸು ಜಾಸ್ತಿ, ಕುಡಿದರೆ ಗ್ಯಾಸೇ ಇಲ್ಲ!

ಆಗ ಮಾವ ನಮ್ಮ ಮನೆಗೆ ಬಂದಿದ್ದರು. ಅವರು ಕುಡಿಯುವುದಿಲ್ಲ. ಆದರೆ ಹಾಸನದ ಕಡೆ ಹಾಲು ತಂಪು ಮಾಡುವ ಕೇಂದ್ರದಲ್ಲಿ ಮೂವತ್ತು ವರ್ಷ ಮೆಷಿನ್ ನೋಡಿಕೊಂಡವರು. ಕೆಗ್ಗನ್ನು ನೋಡಿದ ತಕ್ಷಣ ‘ಕ್ಯಾನು’ ಅಂದರು. ಮುಚ್ಚಳ ಎತ್ತಿಸಿ ಕೈಯನ್ನು ತಳದವರೆಗೆ ಇಳಿಸಿದರು, ಆಮೇಲೆ ನಿಧಾನವಾಗಿ ಚೌಕಟ್ಟಿನ ಹತ್ತಿರ ತಂದರು. “ಕೆಳಗೆ ಕೊರೀತದೆ ಕಣೋ, ಇಲ್ಲಿ ಬೆಚ್ಚಗದೆ” ಅಂದರು. ಟಾರ್ಚ್ ತರಿಸಿ ಪೈಪಿಗೆ ಹಿಡಿದರು. ಕ್ಯಾನಿನ ಹತ್ತಿರ ಪೈಪಿನ ತುಂಬ ಬೀರು. ಮೇಲೆ, ನಲ್ಲಿಯ ಹತ್ತಿರ, ಅಲ್ಲಲ್ಲಿ ಗಾಳಿಯ ಸಂದು, ಜಪಮಾಲೆಯ ಮಣಿ ಬಿಡಿಬಿಡಿಯಾಗಿ ಸರಿದ ಹಾಗೆ.

ಅವರ ಮಾತು ಅವರ ಬಾಯಲ್ಲೇ ಬರಲಿ: “ಇಂಗಿದ ಗ್ಯಾಸು ಇಲ್ಲಿ ಎದ್ದುಬಿಡ್ತಾ ಅದೆ. ತಂಪಿದ್ರೆ ಇಂಗಿರ್ತದೆ, ಬೆಚ್ಚಗಾದ್ರೆ ಏಳ್ತದೆ. ಒತ್ತಿ ಹಿಡಿದಿದ್ರೆ ಇಂಗಿರ್ತದೆ, ಸಡಿಲ ಬಿಟ್ರೆ ಏಳ್ತದೆ. ನೀನು ಸಡಿಲ ಬಿಟ್ಟೆ.”

ಇಡೀ ರೋಗ ನಾಲ್ಕು ಮಾತಿನಲ್ಲಿ ಮುಗಿಯಿತು. ನಾನು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಓದಿದ್ದರೂ ಇಷ್ಟು ಸ್ವಚ್ಛವಾಗಿ ಕಂಡಿರಲಿಲ್ಲ. ತಣ್ಣನೆಯ ಗಾಳಿ ತಳಕ್ಕೆ ಕೂರುತ್ತದೆ. ಹಾಗಾಗಿ ಚೌಕಟ್ಟಿನ ಹತ್ತಿರದ ಪೈಪಿನಲ್ಲಿ ನಿಂತ ಬೀರು ಬೆಚ್ಚಗಾಗಿ ಗ್ಯಾಸು ಬಿಡುತ್ತದೆ. ಒತ್ತಡ ಇಳಿಸಿದ್ದರಿಂದ ಕ್ಯಾನಿನ ಒಳಗೂ ಅದೇ ಆಗಿತ್ತು. ಹಳೆಯ ಕಂಪ್ಯೂಟರಿನಿಂದ ತೆಗೆದ ಪುಟ್ಟ ಫ್ಯಾನು ತಳದಲ್ಲಿಟ್ಟು ಗಾಳಿ ಮೇಲಕ್ಕೆ ತಿರುಗುವ ಹಾಗೆ ಮಾಡಿದೆವು. ಒತ್ತಡ ಮತ್ತೆ 12ಕ್ಕೆ ಏರಿಸಿದೆವು. ಒಂದೂವರೆ ಮೀಟರ್ ಇದ್ದ ಪೈಪು ತೆಗೆದು ಮೂರು ಮೀಟರಿನದು ಹಾಕಿದೆವು. ಸಣ್ಣ ಪೈಪಿನಲ್ಲಿ ದೂರ ಹರಿದಷ್ಟೂ ಬೀರಿನ ಓಟ ತಗ್ಗುತ್ತದೆ, ನಲ್ಲಿಯಲ್ಲಿ ರಭಸ ಇರುವುದಿಲ್ಲ. ಹತ್ತು ದಿನ ಬಿಟ್ಟು ಒಂದು ಲೋಟ ಹಿಡಿದೆ. ಮೇಲೆ ಎರಡು ಬೆರಳು ನೊರೆ, ಕೆಳಗೆ ತಿಳಿಯಾದ ಬೀರು.

ಈಗ ಪದಕ್ಕೆ ಬರೋಣ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ‘ಕರಗು’. ನೀರಿನಲ್ಲಿ ಕರಗಿದ ಆಮ್ಲಜನಕ, ಅಲ್ವಾ? ತಪ್ಪೇನಿಲ್ಲ. ಆದರೆ ಕರಗುವುದು ಅಂದರೆ ನನ್ನ ಕಣ್ಣಿಗೆ ಬರುವುದು ಸಕ್ಕರೆ, ಬೆಲ್ಲ, ಮಂಜುಗಡ್ಡೆ. ಅದರಲ್ಲೂ ಫ್ರೀಜರಿನ ಮುಂದೆ ನಿಂತು ‘ಕರಗಿದೆ’ ಅಂದರೆ ಕೇಳಿದವರು ಕರೆಂಟ್ ಹೋಯಿತಾ ಅನ್ನುತ್ತಾರೆ. ‘ಹೀರು’ ಅಂದರೆ ಕೆಲಸ ಬೀರಿನದಾಗುತ್ತದೆ, ಗ್ಯಾಸಿನದಲ್ಲ. ‘ಇಂಗು’ ಅನ್ನುವುದರಲ್ಲಿ ಎರಡು ಸೂಕ್ಷ್ಮ ಇದೆ. ಒಂದು, ಒಳಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಲ್ಲೇ ಇರುತ್ತದೆ. ನನ್ನ ಕ್ಯಾನಿನಲ್ಲಿ ಒಂದು ಲೀಟರ್ ಬೀರಿನೊಳಗೆ ಸುಮಾರು ಎರಡೂವರೆ ಲೀಟರ್ ಗ್ಯಾಸು ಅಡಗಿರುತ್ತದೆ. ಇನ್ನೊಂದು, ನಿಧಾನ. ಕ್ಯಾನನ್ನು ಅಲುಗಿಸದೆ ಒತ್ತಡ ಕೊಟ್ಟು ಇಟ್ಟರೆ ಒಂದೆರಡು ವಾರ ಬೇಕು. ಸೋನೆ ಮಳೆ ಹೊಲಕ್ಕೆ ಇಳಿದ ಹಾಗೆಯೇ.

ಹಿಂದೆ ಇಂಗ್ಲಿಷಿನವರೂ ಇದಕ್ಕೆ ಪದ ಹುಡುಕಿದವರೇ. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಬೀರಿನ ಭಟ್ಟಿಯ ಪಕ್ಕದಲ್ಲೇ ಇದ್ದರು. ಹುದುಗುವ ಬೀರಿನ ಮೇಲೆ ನಿಲ್ಲುವ ಗ್ಯಾಸನ್ನು ನೀರಿಗೆ ಸೇರಿಸಿ ನೋಡಿದರು. 1772ರಲ್ಲಿ ಅದರ ವಿಧಾನ ಅಚ್ಚು ಹಾಕಿಸಿದಾಗ ಅವರು ಆರಿಸಿಕೊಂಡ ‘ಇಂಪ್ರೆಗ್ನೇಟ್’ ಅನ್ನುವ ಕ್ರಿಯಾಪದಕ್ಕೆ ‘ಬಸಿರು ಮಾಡು’ ಅನ್ನುವ ಅರ್ಥವೂ ಇದೆ. ನನಗೆ ನಮ್ಮ ಮಾವನ ಪದವೇ ಹೆಚ್ಚು ಹಿಡಿಸಿತು.

ಒಂದು ಎಚ್ಚರಿಕೆ. ‘ಇಂಗಾಲ’ದ ಜೊತೆ ‘ಇಂಗು’ ಬಂದರೆ ಎರಡೂ ಒಂದೇ ಬೇರಿನವು ಅನ್ನಿಸಬಹುದು. ಹಾಗಲ್ಲ. ಇಂಗಾಲ ಸಂಸ್ಕೃತದ ‘ಅಂಗಾರ’ದಿಂದ ಬಂದದ್ದು, ಕೆಂಡ, ಇದ್ದಿಲು. ಇಂಗು ನಮ್ಮದೇ ಧಾತು. ಸುಮ್ನೆ ಉಲಿ ಕೂಡಿಬಂದಿದೆ ಅಷ್ಟೆ.

ನನಗೆ ಗಟ್ಟಿಯಾಗಿ ಸಿಗದಿರುವುದು ಇದರ ಎದುರು ಪದ. ಮಾವ ‘ಏಳು’ ಅಂದರು. ಗುಳ್ಳೆ ಏಳುತ್ತದೆ, ಹೊಗೆ ಏಳುತ್ತದೆ, ಸರಿಯಾಗಿಯೇ ಇದೆ. ಆದರೆ ‘ಗ್ಯಾಸು ಎದ್ದಿದೆ’ ಅಂತ ಬರೆದರೆ ಓದುವವರಿಗೆ ಅರ್ಥವಾಗುತ್ತದಾ? ಇಂಗಿದ ನೀರು ಮತ್ತೆ ಹೊರಬಂದರೆ ‘ಒಸರು’, ‘ಜಿನುಗು’ ಅನ್ನುತ್ತೇವೆ. ಅವು ಇಲ್ಲಿಗೆ ತೀರಾ ಮೆತ್ತಗೆ. ‘ಒಡೆ’ ಅಂದರೆ ಹಾಲು ಒಡೆದ ನೆನಪು. ‘ಉಕ್ಕು’ ಅನ್ನಬಹುದು, ಆದರೆ ಉಕ್ಕುವುದು ಪಾತ್ರೆಯ ಬಾಯಿ ದಾಟುವುದು. ಇದು ಪೈಪಿನೊಳಗೇ ನಡೆಯುವ ಕೆಲಸ.

ಇನ್ನೊಂದು. ನಲ್ಲಿಯಿಂದ ಮೊದಲು ಬರುತ್ತಿದ್ದ ದಪ್ಪ ಗುಳ್ಳೆಯದನ್ನು ಮಾವ ನೊರೆ ಅನ್ನಲು ಒಪ್ಪಲಿಲ್ಲ. “ಇದು ಬುರುಗು. ನೊರೆ ಅಂದ್ರೆ ಹಾಲಿಂದು, ಸಣ್ಣಗೆ ಕೂತಿರ್ತದೆ” ಅಂದರು. ಹಾಲು ಅಳೆಯುವಾಗ ನೊರೆ ಇಳಿಯುವವರೆಗೆ ಕಾಯುತ್ತಿದ್ದ ಮನುಷ್ಯ ಅವರು. ಆ ಕಣ್ಣಿಗೆ ಈ ವ್ಯತ್ಯಾಸ ಕಾಣುತ್ತದೆ. ನಮ್ಮ ಮನೆಯಲ್ಲೂ ಕಾಫಿಗೆ ನೊರೆ, ಸೋಪಿಗೆ ಬುರುಗು. ನಿಮ್ಮ ಕಡೆ ಹೇಗೆ? ಧಾರವಾಡ, ಕುಂದಾಪುರ, ಕೋಲಾರದವರು ದಯವಿಟ್ಟು ಬರೆಯಿರಿ. ಕರಾವಳಿಯವರು ಸಪ್ಪೆಗೆ ‘ಚಪ್ಪೆ’ ಅನ್ನುತ್ತಾರೆ. ಗ್ಯಾಸು ಹೋದ ಸೋಡಾಕ್ಕೂ ಅದನ್ನೇ ಹೇಳುತ್ತೀರಾ ಅಂತಲೂ ತಿಳಿಸಿ.

ಇಲ್ಲಿನ ಕನ್ನಡ ಗೆಳೆಯರಿಬ್ಬರು ತಾವೂ ಕೀಜರ್ ಕಟ್ಟುತ್ತಿದ್ದಾರೆ. ಅವರಿಗೆ ಕನ್ನಡದಲ್ಲೇ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ‘ಇಂಗು’ ಬರೆದಾಗಿದೆ, ಅದರ ಎದುರಿನ ಜಾಗ ಖಾಲಿ ಇದೆ. ಮಾವ ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ನೀವು ಬರೆದರೆ ಅವರಿಗೂ ಓದಿ ಹೇಳುತ್ತೇನೆ.